ಕಡಲಡಿಯ ಕಲ್ಲುಗಳಿಗೆ ಬೀಗ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಕುಂದಾಪುರದ ಡಿಟಿಪಿ ಅಂಗಡಿಯಲ್ಲಿ ಕೂತು ಇಷ್ಟು ವರ್ಷ ಊರವರ ಅರ್ಜಿ, ತಕರಾರು, ಪಾಲುಪಟ್ಟಿಗಳನ್ನೆಲ್ಲ ಟೈಪ್ ಮಾಡಿದವಳಿಗೆ ಆ ಗುಣ ಬಾರದೆ ಇರುತ್ತದೆಯೇ? ಆದರೆ ನನ್ನ ಅಣ್ಣನ ಮುಂದೆ ನಾನು ಏನೇನೂ ಅಲ್ಲ.

ಅಣ್ಣ ಇರುವುದು ಬೈಂದೂರು ಕಡೆ. ಮೀನುಗಾರಿಕೆ ಬೋಟು ಅವನದೇ, ಅದನ್ನು ನಡೆಸುವ ತಾಂಡೇಲನೂ ಅವನೇ. ಕಡಲಡಿಯಲ್ಲಿ ಯಾವ ಕಲ್ಲಿನ ಹತ್ತಿರ ಮೀನು ಸೇರುತ್ತದೆ, ಯಾವ ಕಲ್ಲಿಗೆ ಬಲೆ ಸಿಕ್ಕಿ ಹರಿಯುತ್ತದೆ ಎಂಬುದೆಲ್ಲ ಜಿಪಿಎಸ್ ಅಂಕಿಗಳಾಗಿ ಅವನ ಒಂದು ಪುಸ್ತಕದಲ್ಲಿದೆ. ಆ ಅಂಕಿಗಳಿಗೆ ಮೀನುಗಾರರು ಪಾಯಿಂಟು ಅನ್ನುತ್ತಾರೆ. ಬೇರೆ ಬೋಟು ಹತ್ತಿರ ಬಂದರೆ ಜಿಪಿಎಸ್ ಪರದೆಯ ಮೇಲೆ ಹೆಗಲ ಬೈರಾಸು ಹೊದೆಸಿ, ಮೀನೇ ಇಲ್ಲದ ದಿಕ್ಕಿಗೆ ಬೋಟು ತಿರುಗಿಸುವ ಆಸಾಮಿ ಇವನು.

ಬೋಟು ದಡಕ್ಕೆ ಹಾಕಿದ ಒಂದು ಮಳೆಗಾಲ ಆ ಪುಸ್ತಕ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ಹಾಳೆಗಳು ಉಪ್ಪುನೀರಿಗೆ ಅಂಟಿಕೊಂಡಿದ್ದವು, ಶಾಯಿ ಕದಡಿತ್ತು.

"ನಾಳೆ ನಂಗೆಂತಾರೂ ಆರೆ, ನಿನ್ನ್ ಅತ್ತಿಗೆ ಬೋಟನ್ನ ಬೇರೆ ತಾಂಡೇಲಂಗೆ ಕೊಟ್ಟ್ ಉಣ್ಕಲ್ದಾ? ಪಾಯಿಂಟ್ ಇಲ್ದಿರೆ ಯಾರ್ ಬತ್ರ್?" ಎಂದ.

ನಾನು ಎಲ್ಲವನ್ನೂ ಟೈಪ್ ಮಾಡಿದೆ. ಅದಾಗಿ ತಿಂಗಳೊಳಗೆ ಸಿಡಿಲಿಗೆ ನನ್ನ ಕಂಪ್ಯೂಟರು ಹೊಗೆಯಾಡಿತು. ಹಾರ್ಡ್ ಡಿಸ್ಕ್ ಹೇಗೋ ಬದುಕಿಕೊಂಡಿತು, ನನ್ನ ಜೀವ ಮಾತ್ರ ಬಾಯಿಗೆ ಬಂದಿತ್ತು. ಇನ್ನು ಅಂಗಡಿಯಲ್ಲಿಟ್ಟರೆ ಆಗುವುದಿಲ್ಲ, ಆನ್‌ಲೈನಿನಲ್ಲಿ ಬ್ಯಾಕಪ್ ಇಡಬೇಕು ಎಂದು ಅಣ್ಣನಿಗೆ ಹೇಳಿದೆ. ಅದು ಎಲ್ಲಿರುವುದು, ಯಾರು ನೋಡುತ್ತಾರೆ, ಅವರಲ್ಲಿ ಬೋಟು ಇದ್ದವರು ಉಂಟಾ ಎಂದು ಅವನು ನನ್ನ ತಲೆ ತಿಂದ. ನಗು ಬಂದರೂ ಪ್ರಶ್ನೆಗಳೇನೂ ತಪ್ಪಲ್ಲ ಅನ್ನಿಸಿತು.

ಮೊದಲು ಕಂಡದ್ದು ಪುಕ್ಕಟೆ ಇಟ್ಟುಕೊಳ್ಳುವ ಕಂಪನಿ. ನಮ್ಮ ಮೇಲೆ ಅಷ್ಟು ಪ್ರೀತಿ ಯಾಕಪ್ಪ ಎಂದು ಅದರ ಷರತ್ತುಗಳನ್ನು ಓದಲು ಕೂತೆ. ನಾವು ಇಟ್ಟದ್ದನ್ನು ಅವರು ಓದಿ ನೋಡಬಹುದು ಎಂದು ನಾಲ್ಕನೇ ಪುಟದಲ್ಲಿ ಮೆಲ್ಲಗೆ ಬರೆದುಕೊಂಡಿದ್ದರು. ಆಮೇಲೆ ಬ್ರಹ್ಮಾವರದ ಕಂಪ್ಯೂಟರ್ ಅಂಗಡಿಯವರನ್ನು ಕೇಳಿದೆ. ಅವರು ಇನ್ನೊಂದು ಕಂಪನಿಯದನ್ನು ಹಾಕಿಕೊಡುತ್ತೇನೆಂದರು. ಪಾಸ್‌ವರ್ಡ್ ಮರೆತರೂ ಹೆದರಬೇಡಿ, ಒಂದು ಫೋನ್ ಮಾಡಿ, ನಾನೇ ತೆಗೆದುಕೊಡುತ್ತೇನೆ ಎಂದು ಧೈರ್ಯವನ್ನೂ ಕೊಟ್ಟರು. ಬೀಗ ಹಾಕಿದವಳು ನಾನು, ತೆಗೆಯುವವರು ಇವರು! ಚಾ ಕುಡಿದು ಹೋಗಿ ಎಂದರೂ ನಿಲ್ಲದೆ ಬಸ್ಸು ಹತ್ತಿದೆ.

ಮೂರನೆಯ ಕಂಪನಿಯಲ್ಲಿ ಫೈಲಿಗೆ ನಮ್ಮ ಕಂಪ್ಯೂಟರಿನಲ್ಲೇ ಬೀಗ ಬಿದ್ದು, ಆಮೇಲೆ ಅದು ಅವರಲ್ಲಿಗೆ ಹೋಗುತ್ತದೆ. ಪಾಸ್‌ವರ್ಡ್ ಕಳೆದರೆ ಏನು ಗತಿ ಎಂದು ಬರೆದು ಕೇಳಿದೆ. ನಮ್ಮಿಂದ ಏನೂ ಮಾಡಲಾಗುವುದಿಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು. ಆ ಒರಟು ಉತ್ತರವೇ ನನಗೆ ಹಿಡಿಸಿತು. ಆದರೂ ನಂಬಲಿಲ್ಲ. ಮೊದಲು ನನ್ನ ರವಿಕೆ ಅಳತೆಯ ಪಟ್ಟಿಯನ್ನು ಕಳಿಸಿ, ಇಲ್ಲಿ ಅಳಿಸಿ, ವಾಪಸು ತರಿಸಿ ನೋಡಿದೆ. ಮೂರು ಸಲ ಸರಿಯಾಗಿ ಬಂದ ಮೇಲೆ ಅಣ್ಣನ ಪಾಯಿಂಟುಗಳನ್ನು ಇಟ್ಟೆ.

ಈ ವರ್ಷ ತೂಫಾನಿಗೆ ಸಿಕ್ಕಿ ಬೋಟಿನ ಒಳಗೆ ನೀರು ನುಗ್ಗಿತು. ಜಿಪಿಎಸ್ ಸತ್ತಿತು, ಪುಸ್ತಕ ಮುದ್ದೆಯಾಯಿತು. ದಡ ಸೇರಿದ ಮರುದಿನ ಮಧ್ಯಾಹ್ನ ಅಣ್ಣ ಮುಖ ಸಣ್ಣದು ಮಾಡಿಕೊಂಡು ಅಂಗಡಿಗೆ ಬಂದ. ನಾನು ಫೈಲನ್ನು ತರಿಸಿ ಪ್ರಿಂಟ್ ಕೊಟ್ಟೆ. ಒಂದು ಅಂಕಿಯೂ ತಪ್ಪಿರಲಿಲ್ಲ, ನನಗೆ ಹೆಮ್ಮೆಯೋ ಹೆಮ್ಮೆ. ಅವನು ಪೆನ್ನು ಕೇಳಿ ಪಡೆದು, ನನಗೆ ಬೆನ್ನು ಹಾಕಿ ಕೂತು, ಒಂದೊಂದೇ ಅಂಕಿಯನ್ನು ತಿದ್ದತೊಡಗಿದ. ಟೈಪಿಂಗ್ ತಪ್ಪೇ ಎಂದು ಇಣುಕಿದೆ. ಪ್ರತಿಯೊಂದಕ್ಕೂ ಅವನು ಅದೇ ಒಂದು ಸಂಖ್ಯೆಯನ್ನು ಕೂಡಿಸುತ್ತಿದ್ದ.

"ನಂಗೆ ಸುಳ್ ಅಂಕಿ ಕೊಟ್ಟದ್ದಾ?" ಎಂದೆ.

"ಪುಸ್ತಕದಗೂ ಸುಳ್ಳೇ ಇದ್ದದ್ದ್. ಯಾರಾರೂ ಕದ್ರೆ?" ಎಂದ.

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದಂತೆ ಬೈದೆ. ನೀನಿಲ್ಲದ ದಿನ ಅತ್ತಿಗೆ ಈ ಹಾಳೆಯನ್ನು ಯಾವುದೋ ತಾಂಡೇಲನ ಕೈಗೆ ಕೊಟ್ಟು, ಅವನು ಹೋಗಿ ಕಲ್ಲಿನ ಮೇಲೆಯೇ ಬಲೆ ಬಿಟ್ಟು ಹರಿದುಕೊಂಡು ಬಂದರೆ ಅವರನ್ನು ಯಾರು ಸಾಕುತ್ತಾರೆ ಎಂದು ಕೇಳಿದೆ. ಅವನು ಪೆನ್ನಿಗೆ ಮುಚ್ಚಳ ಹಾಕಿದ. ಆಮೇಲೆ, ಅಂಗಡಿಯಲ್ಲಿ ನಾವಿಬ್ಬರೇ ಇದ್ದರೂ, ಎದ್ದು ಬಂದು ನನ್ನ ಕಿವಿಯಲ್ಲಿ ಎಷ್ಟು ಕೂಡಿಸಬೇಕೆಂದು ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ಓದುವ ನೀವು ಯಾರೋ, ನನಗೇನು ಗೊತ್ತು?

ಅಂತೂ ನನ್ನನ್ನು ನಂಬಿದನಲ್ಲ ಎಂದು ಕಣ್ಣು ತುಂಬಿ ಬಂತು. ಅವನು ಮೆಟ್ಟಿಲಿಳಿಯುತ್ತ ತಿರುಗಿದ.

"ಹೆಣೆ, ನಿನ್ನ್ ಅತ್ತಿಗೆಗೆ ಮಾತ್ರ ಹೇಳ್ಬೇಡ. ಅವ್ಳ ತಮ್ಮನೂ ತಾಂಡೇಲ."

ಮುಂದಿನ ಭಾನುವಾರ ಅತ್ತಿಗೆ ನಮ್ಮ ಮನೆಗೆ ಬಂದರು. ನನಗೆಂದು ಬಂಗುಡೆಯನ್ನು ತೊಳೆದು ಮಸಾಲೆ ಹಚ್ಚಿ ತಂದಿದ್ದರು. ಪಾಯಿಂಟೆಲ್ಲ ಭದ್ರ ಇದೆಯಲ್ಲ ಎಂದು ವಿಚಾರಿಸಿದರು. ಭದ್ರ ಇದೆ ಎಂದೆ.

"ನೀ ಇದ್ಯಲ್ಲ, ನಂಗೆಂತ ಹೆದ್ರಿಕೆ?" ಎಂದು ನಕ್ಕರು.

ನಮ್ಮ ಮೂವರಲ್ಲಿ ಯಾರ ಮೇಲೂ ಅನುಮಾನ ಇಲ್ಲದವರು ಅವರೊಬ್ಬರೇ. ನನಗೆ ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.