ಇಸ್ತ್ರಿ ಮಾಡಿಸಿದ ಶಾಲು

ನಮ್ಮ ಇಂಗ್ಲಿಷ್ ಸರ್ ಅವರ ಮೂಗು ಸದಾ ಸುಕ್ಕುಗಟ್ಟಿರುತ್ತಿತ್ತು, ಊರೆಲ್ಲ ಹಳಸಿದ ಸಾರಿನ ವಾಸನೆ ಹೊಡೆಯುತ್ತಿದೆಯೇನೋ ಎಂಬಂತೆ. ಕೈಗೆ ಬಂದದ್ದನ್ನೆಲ್ಲ ಮೊದಲು ಮೂಸಿ ನೋಡುವುದು ಅವರ ಚಟ. ಸಿದ್ಧೇಶ್ವರ ಗುಡಿಯ ಹಿಂದಿದ್ದ ಅವರ ಮನೆಗೆ ಹೋದರೆ ನನ್ನ ಪುಸ್ತಕವನ್ನೂ ಮೂಸಿ, "ಓದಿಲ್ಲಲೇ ನೀ, ಇನ್ನೂ ಅಂಗಡಿ ವಾಸನಿ ಐತಿ" ಎನ್ನುತ್ತಿದ್ದರು.

ವಿಜಯಪುರದ ಒಂದು ಖಾಸಗಿ ಕಾಲೇಜಿನಲ್ಲಿ ಅವರು ನಮಗೆ ನಾಲ್ಕು ಶತಮಾನ ಹಿಂದಿನ ಇಂಗ್ಲಿಷ್ ದುರಂತ ನಾಟಕಗಳನ್ನು ಕಲಿಸಿದರು. ಮಾತಿಗಿಂತ ರಂಗದ ಸಾಮಾನುಗಳ ಮೇಲೆಯೇ ಅವರ ಕಣ್ಣು. ವಿಷದ ಬಟ್ಟಲು, ಯಾರದೋ ತಲೆಬುರುಡೆ. ರಾಜನ ಎದೆಯಿಂದ ಚಿಮ್ಮುತ್ತಿದ್ದುದು ಕುರಿಯ ರಕ್ತ ಎಂದು ಹೇಳಿ ನಮ್ಮ ಮುಖ ನೋಡುವರು. ರಾಜನ ಮಖಮಲ್ಲಿನ ನಿಲುವಂಗಿಯ ಕಥೆ ಇನ್ನೂ ಹೊಲಸು. ಸರದಾರ ಸತ್ತರೆ ಅವನ ಬಟ್ಟೆ ಆಳುಗಳ ಪಾಲಾಗುತ್ತಿತ್ತಂತೆ. ಅಂಥದ್ದನ್ನು ಅವರು ತೊಡುವಂತಿರಲಿಲ್ಲವಾದ್ದರಿಂದ ನಾಟಕದವರಿಗೆ ಮಾರುತ್ತಿದ್ದರಂತೆ.

"ಸತ್ತವನ ಬೆವರಿನ್ಯಾಗ ನಿಂತು ಇನ್ನೊಬ್ಬಾಂವ ಸಾಯೂ ಆಟ ಆಡತಿದ್ದ. ಹೇಸಿಗಿ ಬಂತಿಲ್ಲೋ? ಬಂದಿದ್ರ ಪಾಠ ಮುಟ್ಟೇತಿ" ಎನ್ನುತ್ತಿದ್ದರು.

ಸನ್ಮಾನವೆಂದರೆ ಅವರಿಗೆ ವಾಕರಿಕೆ. ಇವತ್ತು ಒಬ್ಬರಿಗೆ ಹೊದಿಸಿದ ಶಾಲು ನಾಳೆ ಇನ್ನೊಬ್ಬರ ಹೆಗಲೇರುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ನಿವೃತ್ತಿಯ ದಿನ ಸರ್ ತಮ್ಮ ಶಾಲನ್ನು ಮೂಸಿ, ಮಡಚಿ, ಸಂಸ್ಥೆಯ ಅಧ್ಯಕ್ಷರ ಕೈಗೇ ಮರಳಿಸಿದರು. ಸತ್ತಾಗ ತಮಗೆ ಮನೆಯ ಕಂಬಳಿ ಸಾಕು, ಸಂಸ್ಥೆಯವರ ಶಾಲು ಮಾತ್ರ ಬೇಡ ಎಂದು ಹೆಂಡತಿಗೂ ನನಗೂ ಹೇಳಿಟ್ಟಿದ್ದರು.

ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಪಡಸಾಲೆಯಲ್ಲಿ ಕೂಡಿಸಿ ಕಂಬಳಿ ಹೊದಿಸಿದ್ದೆವು. ಅಧ್ಯಕ್ಷರು ಫೋಟೊದವನನ್ನು ಕರೆದುಕೊಂಡು ಬಂದರು. ಸರ್ ಹೆಂಡತಿ ಬೇಡವೆಂದು ಕೈಮುಗಿದರೂ ಕೇಳದೆ ಕಂಬಳಿಯ ಮೇಲೊಂದು ಕೆಂಪು ಶಾಲು ಹೊದಿಸಿ ಕ್ಯಾಮೆರಾದ ಕಡೆ ತಿರುಗಿದರು. ಸರ್ ಅದನ್ನು ಮೂಸಲಿಲ್ಲ. ಊದಿನಕಡ್ಡಿಯ ಕಿಡಿ ಬಿದ್ದು ಅಂಚಿನಲ್ಲಿ ಕಡಲೆಯಷ್ಟು ತೂತಾಯಿತು. ಹೆಣ ಎತ್ತುವಾಗ ಕಾಲೇಜಿನ ಗುಮಾಸ್ತ ಶಾಲನ್ನು ತೆಗೆದು ಬಗಲಲ್ಲಿಟ್ಟುಕೊಂಡ. ಸದ್ಯ, ಸರ್ ಮಾತು ನಡೆಯಿತಲ್ಲ ಎಂದು ನನಗೆ ಸಮಾಧಾನವೇ ಆಯಿತು. ಟಿಕೋಟಾದ ಹತ್ತಿರದ ಅವರ ಹೊಲದಲ್ಲಿ ಕಂಬಳಿಯೊಂದೇ ಅವರ ಜೊತೆ ಮಣ್ಣಿಗೆ ಹೋಯಿತು.

ದೀಪಾವಳಿ ಮುಗಿದ ಮೇಲೆ ಅದೇ ಕಾಲೇಜು ಹಳೆಯ ವಿದ್ಯಾರ್ಥಿಯೆಂದು ನನ್ನನ್ನು ಕರೆಸಿ ಸನ್ಮಾನ ಮಾಡಿತು. ಕೆಂಪು ಶಾಲು. ಅಂಚು ಸರಿಪಡಿಸಿಕೊಳ್ಳಲು ಹೋದಾಗ ಬೆರಳು ತೂತಿನೊಳಗೆ ಇಳಿಯಿತು. ಮೂಸಿದೆ. ಊದಿನಕಡ್ಡಿ, ವಿಭೂತಿ. ಇದು ಸರ್ ಮೈಮೇಲಿದ್ದದ್ದಲ್ಲವೇ ಎಂದು ಅಧ್ಯಕ್ಷರ ಕಿವಿಯಲ್ಲಿ ಕೇಳಿದೆ.

"ಇಸ್ತ್ರಿ ಮಾಡಿಸೀವಲ್ರೀ" ಎಂದರು, ಚಪ್ಪಾಳೆ ತಟ್ಟುತ್ತಲೇ.

ಕಾರ್ಯಕ್ರಮ ಮುಗಿದಾಗ ಗುಮಾಸ್ತ ಶಾಲಿಗಾಗಿ ಕೈ ಚಾಚಿದ. ಆ ಕೈ ನೋಡಿ ಇನ್ನಷ್ಟು ಅಸಹ್ಯವಾಯಿತು. ಕೊಡಲಿಲ್ಲ, ಮನೆಗೆ ತಂದೆ. ಮುಟ್ಟಲು ನನಗೂ ಮನಸ್ಸಿರಲಿಲ್ಲ, ಆದರೆ ಮೂರನೆಯವರ ಹೆಗಲಿಗೆ ಅದು ಹೋಗುವುದು ಬೇಡವಾಗಿತ್ತು.

ಈಗ ಬಬಲೇಶ್ವರದಲ್ಲಿ ನಾನೂ ಅದೇ ನಾಟಕಗಳನ್ನು ಕಲಿಸುತ್ತೇನೆ. ಮಖಮಲ್ಲಿನ ನಿಲುವಂಗಿಯ ಪಾಠ ಬಂದ ದಿನ ಶಾಲನ್ನು ಮೇಜಿನ ಮೇಲೆ ಹರಡಿದೆ. ಮುಂದಿನ ಸಾಲಿನ ಹುಡುಗಿ ಅದರ ಕಸೂತಿಯನ್ನು ಆಸೆಯಿಂದ ಸವರತೊಡಗಿದಳು. ಅದು ಯಾರ ಮೈಮೇಲಿತ್ತು, ಆಮೇಲೆ ಯಾರ ಮೈಮೇಲೆ ಬಂತು ಎಂದು ಹೇಳಿದೆ. ಅವಳು ತಟ್ಟನೆ ಕೈ ಹಿಂದೆಗೆದು, ಓಢಣಿಗೆ ಒರೆಸಿಕೊಂಡು, ಮೂಗು ಸುಕ್ಕಿಸಿದಳು.

ಸರ್ ಮುಖವನ್ನು ಮತ್ತೆ ನೋಡಿದಂತಾಯಿತು. ಪಾಠ ಮುಟ್ಟಿತ್ತು.