ಬಸ್ಸಿಗೆ ಕಾಯುತ್ತಿದ್ದವನು

ಚಿಂತಾಮಣಿಯ ಒಂದು ಸೀರೆ ಅಂಗಡಿಯಲ್ಲಿ ಇಪ್ಪತ್ತು ವರ್ಷ ಸೀರೆ ಬಿಡಿಸಿ ತೋರಿಸುವುದೇ ನನ್ನ ಕೆಲಸವಾಗಿತ್ತು. ಮಲಗುತ್ತಿದ್ದುದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಬೇರೆ ಮನೆ ಯಾಕೆಂದು ಅಲ್ಲಿಗೇ ಸೇರಿಕೊಂಡಿದ್ದೆ. ಯಜಮಾನರು ಕಟ್ಟಡ ಮಾರಿದ ದಿನ ಕೆಲಸ, ಮನೆ ಎರಡೂ ಒಟ್ಟಿಗೇ ಹೋದವು.

ನಾನು ಬಸ್ ಸ್ಟ್ಯಾಂಡಿಗೆ ಬಂದೆ. ನಿರ್ಗತಿಕನಾಗಿ ಅಲ್ಲ, ಪ್ರಯಾಣಿಕನಾಗಿ! ಕಾಲ ಬಳಿ ಬ್ಯಾಗು, ಒಗೆದ ಅಂಗಿ, ಬಾಚಿದ ತಲೆ. ಯಾರಾದರೂ ಕೇಳಿದರೆ ಗೌರಿಬಿದನೂರು ಬಸ್ಸಿಗೆ ಕಾಯುತ್ತಿದ್ದೇನೆ ಎನ್ನುತ್ತಿದ್ದೆ. ನನ್ನ ನಟನೆಗೆ ಊರೇ ಮೋಸ ಹೋಗಿದೆ ಎಂದುಕೊಂಡಿದ್ದೆ.

ಎರಡು ತಿಂಗಳಾದ ಮೇಲೆ ಹೂ ಮಾರುವ ಹೆಂಗಸು ಒಂದು ಬೆಳಿಗ್ಗೆ ಕೇಳಿದಳು: "ಏನಣ್ಣಾ, ನಿನ್ ಬಸ್ಸು ಗೌರಿಬಿದನೂರಲ್ಲೇ ಕೆಟ್ಟು ನಿಂತೈತಾ?"

ನಾನು ಗಡಿಯಾರವಿಲ್ಲದ ಕೈ ನೋಡಿಕೊಂಡೆ. ಅವಳು ನಗಲಿಲ್ಲ. "ಚಿಕ್ಕಬಳ್ಳಾಪುರದಾಗೆ ಇಲ್ಲದೋರ್ಗೆ ಅಂತ ಒಂದು ವಸತಿ ಐತೆ. ನಮ್ಮಕ್ಕ ಅಲ್ಲೇ ಅಡುಗೆ ಮಾಡ್ತಾಳೆ. ಹೋಗಪ್ಪಾ, ಮರ್ಯಾದೆ ಏನೂ ಹೋಗಲ್ಲ" ಎಂದಳು.

ಅಲ್ಲಿನ ಮೇಲ್ವಿಚಾರಕಿಗೂ ನಾನು ಸುಳ್ಳೇ ಹೇಳಿದೆ. "ಬಸ್ ತಪ್ಪೋಯ್ತು ಮೇಡಂ, ಒಂದಿನ ಇದ್ದು ಹೋಗ್ತೀನಿ." ಆಕೆ ತಲೆಯೆತ್ತದೆ ಹೆಸರು ಬರೆದುಕೊಂಡು ಟವೆಲ್, ಸೋಪು ಕೊಟ್ಟರು. ಬಿಸಿನೀರು ಮೈಮೇಲೆ ಬಿದ್ದೊಡನೆ ಅಳು ಬಂತು. ಹೊರಗೆ ಬಂದು, ಯಾರೂ ಕೇಳದಿದ್ದರೂ, ಸೋಪು ಕಣ್ಣಿಗೆ ಹೋಯಿತೆಂದೆ. ಆ ಒಂದು ದಿನ ಏಳು ತಿಂಗಳಾಯಿತು.

ವಸತಿಯವರು ನನ್ನನ್ನು ಹೊಲಿಗೆ ತರಬೇತಿಗೆ ಸೇರಿಸಿದರು. ಹನ್ನೊಂದು ಮಂದಿ ಹೆಂಗಸರು, ನಾನೊಬ್ಬ ಗಂಡಸು. ಮೊದಲ ದಿನವೇ ಎಲ್ಲರಿಗೂ ರೇಷ್ಮೆ, ಜರಿಯ ಬಗ್ಗೆ ಭಾಷಣ ಬಿಗಿದೆ. ಬಟ್ಟೆ ಎಂದರೆ ನನಗೆ ಗೊತ್ತಿಲ್ಲದ್ದೇನು? ಆಮೇಲೆ ಮೆಷಿನ್ ಮುಂದೆ ಕೂತೆ. ನಾನು ಹೊಲಿದ ಮೊದಲ ರವಿಕೆಯ ಎರಡೂ ತೋಳು ಎಡಗೈಯವು.

ಕಲಿಸುವಾಕೆ ಅದನ್ನು ಎತ್ತಿ ಹಿಡಿದು, "ಅಯ್ಯೋ ದೇವುಡಾ! ಇದನ್ನ ಹಾಕ್ಕೊಳ್ಳೋರು ಎಲ್ಲವ್ರೆ ಅಣ್ಣಾ?" ಎಂದರು. ತರಗತಿಯೆಲ್ಲ ನಕ್ಕಿತು. ನನಗೂ ನಗು ಬಂತು. ಎಷ್ಟೋ ದಿನಗಳ ಮೇಲೆ ನಕ್ಕಿದ್ದರಿಂದ ಕೆಮ್ಮು ಹತ್ತಿ, ಪಕ್ಕದಾಕೆ ನೀರು ತಂದುಕೊಟ್ಟಳು. ಅಂದಿನಿಂದ ಭಾಷಣ ನಿಲ್ಲಿಸಿ ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ.

ಈಗ ಶಿಡ್ಲಘಟ್ಟದಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಕಡೆ ಕೆಲಸ. ಬಾಡಿಗೆಗೆ ಒಂದು ಕೋಣೆ. ಸೇರಿದ ದಿನ ಬಾಗಿಲಿಗೆ ಬೀಗ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದೆ. ಪಕ್ಕದ ಮನೆಯಾಕೆ ಕಳ್ಳನೆಂದುಕೊಂಡು ಹೊರಗೆ ಬಂದಳು.

"ಯಾರ್ರೀ ನೀವು?"

"ಟೈಲರ್" ಎಂದೆ.

ಆಕೆ ಕೂಡಲೇ ಒಳಗೆ ಹೋಗಿ ಫಾಲ್ ಹಾಕಬೇಕಾದ ಸೀರೆ ತಂದಳು. ಅವತ್ತು ನನಗೆ ಬೇರೆ ಯಾವ ಕೆಲಸವೂ ಇರಲಿಲ್ಲ. ಆದರೂ ಗಂಭೀರವಾಗಿ, "ಬುಧವಾರ ಬನ್ನಿ, ತುಂಬಾ ರಶ್ಶು" ಎಂದೆ.