ಎಡಗಡೆ ಸೀಟಿನ ಬ್ರೇಕು

ಸರಸ್ವತಿ ನಗರದ ಸಣ್ಣಬೀರಪ್ಪ ಬೈಯಲು ಶುರು ಮಾಡಿದರೆ ಟ್ರಾಫಿಕ್ ಸಿಗ್ನಲ್ಲೂ ಹೆದರಿ ಕೆಂಪಿನಿಂದ ಹಸಿರಿಗೆ ತಿರುಗುತ್ತಿತ್ತು ಎಂದು ದಾವಣಗೆರೆಯಲ್ಲಿ ಹೇಳುವವರಿದ್ದಾರೆ. ಅದರಲ್ಲಿ ಅರ್ಧ ಸುಳ್ಳೆಂದು ಬಿಟ್ಟರೂ, ಅವನ ಡ್ರೈವಿಂಗ್ ಸ್ಕೂಲಿಗೆ ಸೇರಿದವರು ಕ್ಲಚ್ಚು, ಗೇರಿಗಿಂತ ಮೊದಲು ಬೈಗುಳ ಕಲಿಯುತ್ತಿದ್ದರು ಎಂಬುದಂತೂ ಖರೆ. ಅಂಥ ಬೀರಪ್ಪ ಆ ಭಾನುವಾರ ಬೆಳಿಗ್ಗೆ ತನ್ನ ಬಿಳಿ ಮಾರುತಿಯ ಎಡಗಡೆ ಸೀಟಿನಲ್ಲಿ ಬಾಯಿ ಹೊಲಿದುಕೊಂಡವನಂತೆ ಕೂತಿದ್ದ. ಅಂಗಿ ಬೆವರಿಗೆ ಸೀಟಿಗೆ ಅಂಟಿತ್ತು. ಸ್ಟೇರಿಂಗ್ ಹಿಡಿದಿದ್ದವರು ಸರ್ವಮಂಗಳಮ್ಮ ಟೀಚರ್. ಹದಡಿ ಶಾಲೆಯಲ್ಲಿ ಅವನಿಗೆ ಅಕ್ಷರ ಕಲಿಸಿದವರು, ಈಗ ನಿವೃತ್ತರಾಗಿ ವಿದ್ಯಾನಗರದಲ್ಲಿ ಒಬ್ಬರೇ ಇದ್ದವರು. ಮಾರನೆಯ ದಿನ ಅವರಿಗೆ ಲೈಸೆನ್ಸ್ ಪರೀಕ್ಷೆ. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂಬುದು ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಗೊತ್ತಿತ್ತು. ಸ್ವತಃ ಅವರಿಗೂ ಗೊತ್ತಿರಲಿಲ್ಲ.

ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಕಲಿಸುವವನ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ; ಇವನ್ನು ತುಳಿದರೆ ಓಡಿಸುವವರ ಕಡೆಯವೂ ತಾವಾಗಿ ಒಳಗಿಳಿಯುತ್ತವೆ. ಬೇರೆ ಯಾರಾದರೂ ತಪ್ಪಿದರೆ ಬೀರಪ್ಪ ಮೊದಲು ಬೈಯುತ್ತಿದ್ದ. ಬೈಗುಳಕ್ಕೆ ಬೆಚ್ಚಿ ಅವರೇ ಬ್ರೇಕು ತುಳಿಯುತ್ತಿದ್ದರು. ಅದೇ ಅವನ ಪಾಠ. ಟೀಚರ್ ಮುಂದೆ ಆ ನಾಲಿಗೆ ಏಳಲಿಲ್ಲ. ಯಾರ ಮುಂದೆ ಕೈಕಟ್ಟಿ ನಿಂತು ಕಾಗುಣಿತ ಒಪ್ಪಿಸಿದನೋ ಅವರಿಗೆ, ‘ಕಣ್ಣು ಮನೇಲಿ ಬಿಟ್ಟು ಬಂದೀರೇನ್ರೀ’ ಅನ್ನುವುದುಂಟೆ? ಅವರು ಬ್ರೇಕು ಮರೆತರೆ ಇವನ ಕಾಲು ಮೆಲ್ಲಗೆ ಇಳಿಯುತ್ತಿತ್ತು. ಕ್ಲಚ್ಚು ಮರೆತರೆ ಇನ್ನೊಂದು ಕಾಲು. ಬಾಯಿ ಮಾತ್ರ ‘ಭಾಳ ಚಲೋ ಓಡಿಸ್ತೀರಿ ಟೀಚರ್’ ಅನ್ನುತ್ತಿತ್ತು. ಫೀಸು ಬ್ಯಾಡ ಅಂದವನು ಗುರುದಕ್ಷಿಣೆಯನ್ನು ಕಾಲಿನಲ್ಲೇ ಸಲ್ಲಿಸುತ್ತಿದ್ದ.

ನಾಳೆ ಅದೇ ಸೀಟಿನಲ್ಲಿ ಲೈಸೆನ್ಸ್ ಕೊಡುವ ಇನ್‌ಸ್ಪೆಕ್ಟರ್ ಕೂರುತ್ತಾರೆ. ಅವರ ಕಾಲಿಗೆ ಗುರುಭಕ್ತಿ ಎಲ್ಲಿಂದ ಬರಬೇಕು? ಫೇಲಾದರೆ ಟೀಚರ್‌ಗೆ ಅವಮಾನ. ಅದೃಷ್ಟಕ್ಕೆ ಪಾಸಾದರೆ ಇನ್ನೂ ಅಪಾಯ. ತೀರಿಹೋದ ಯಜಮಾನರ ಕಾರು ಮನೆ ಮುಂದೆ ಧೂಳು ತಿನ್ನುತ್ತ ನಿಂತಿದೆ, ಮಂಗಳವಾರವೇ ಒಬ್ಬರೇ ಹತ್ತಿ ಹೊರಡುತ್ತಾರೆ. ಹೇಳಿಬಿಡಬೇಕು ಎಂದು ಬೀರಪ್ಪ ಬಾಯಿ ತೆರೆದ. ಪಿ.ಬಿ. ರೋಡಿನ ಗಾಳಿ ಒಳಗೆ ಹೋಯಿತೇ ಹೊರತು ಮಾತು ಹೊರಗೆ ಬರಲಿಲ್ಲ.

“ಯಾಕ ಬೀರಾ, ಮೀನಿನಂಗೆ ಬಾಯಿ ತೆಗೀತೀಯಾ? ಹೊಟ್ಟೆ ಸರಿ ಇಲ್ಲೇನು?”

“ಏನಿಲ್ಲ ಟೀಚರ್. ರೋಡು ಚೆನ್ನಾಗೈತೆ ಅಂತ…”

“ರೋಡ್ ನೋಡಾಕೆ ನಾನಿದೀನಿ. ನೀನು ಆರಾಮ್ ಕುಂತ್ಕೋ.”

ಅವರು ಹೊರಟಿದ್ದು ಹರಿಹರಕ್ಕೆ, ಹದಡಿ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿದ್ದ ಉಜ್ಜನಪ್ಪನವರ ಮನೆಗೆ. ಉಜ್ಜನಪ್ಪನವರ ಮೀಸೆ ಸಾಮಾನ್ಯದ್ದಲ್ಲ. ಮಳೆ ಬಂದರೆ ಅದರ ಕೆಳಗೆ ಇಬ್ಬರು ಹುಡುಗರು ನೆನೆಯದೆ ನಿಲ್ಲಬಹುದಿತ್ತು ಎಂದು ಹದಡಿಯವರು ಈಗಲೂ ಆಣೆ ಮಾಡುತ್ತಾರೆ. ಒಂದು ಕಾಲದಲ್ಲಿ ಸರ್ವಮಂಗಳಮ್ಮ ಈ ಹೆಡ್‌ಮಾಸ್ಟರ ಸೈಕಲ್ ಹತ್ತಲು ಹೋಗಿ ಶಾಲೆಯ ಕಾಂಪೌಂಡಿಗೆ ಗುದ್ದಿದ್ದರು. ಆಗ ಉಜ್ಜನಪ್ಪನವರು, “ನೀವು ಗಾಡಿ ಓಡಿಸ್ಕೊಂಡು ನಮ್ಮನೆ ಬಾಗಿಲಿಗೆ ಬಂದ ದಿವ್ಸ ಈ ಮೀಸೆ ತೆಗೀತೀನ್ರಿ” ಅಂದಿದ್ದರು. ಆ ಮಾತು ಟೀಚರ್ ಮನಸ್ಸಿನಲ್ಲಿ ಬೇರು ಬಿಟ್ಟಿತ್ತು.

ಬೀರಪ್ಪನಿಗೂ ಅವನದೇ ಒಂದು ಆಸೆ ಇತ್ತು, ಇನ್ನೂ ಹಳೆಯದು. ಚಿಕ್ಕವನಿದ್ದಾಗ ಅಪ್ಪನ ಕುರಿಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕರೆಯುತ್ತಿದ್ದ. ಒಂದು ಟಗರಂತೂ ‘ಎಸ್ ಸಾರ್’ ಅನ್ನುತ್ತಿತ್ತಂತೆ, ಹೇಳಿದವನು ಬೀರಪ್ಪನೇ. ಮೇಷ್ಟ್ರಾಗಬೇಕು, ಸರ್ವಮಂಗಳಮ್ಮ ಟೀಚರ್ ಬಂದು ತನ್ನ ಪಾಠ ಕೇಳಬೇಕು. ಟೀಚರ್ ಟ್ರೈನಿಂಗಿಗೆ ಸೀಟು ಸಿಗಲಿಲ್ಲ. ಲಾರಿ ಹತ್ತಿದ, ಕೊನೆಗೆ ಡ್ರೈವಿಂಗ್ ಸ್ಕೂಲು ತೆರೆದ. ಅದೂ ಸ್ಕೂಲೇ ತಾನೆ? ಬೋರ್ಡಿನಲ್ಲಿ ‘ಪ್ರಾಂಶುಪಾಲರು: ಸಣ್ಣಬೀರಪ್ಪ’ ಎಂದು ಬರೆಸಿದ. ಆದರೂ ಕಲಿಯಲು ಬಂದವರು ಅಣ್ಣಾ ಅಂದರು, ಅಂಕಲ್ ಅಂದರು, ಓನರ್ರೇ ಅಂದರು. ಬಾಯಿತಪ್ಪಿಯೂ ಒಬ್ಬರು ಮೇಷ್ಟ್ರೇ ಅನ್ನಲಿಲ್ಲ.

ದೊಡ್ಡಬಾತಿ ಹತ್ತಿರ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಮುಂದೆ ತೂಗಾಡುತ್ತ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು. ಟೀಚರ್ ಮಾತ್ರ ನಿಲ್ಲುವ ಯೋಚನೆಯಲ್ಲೇ ಇರಲಿಲ್ಲ. ಹುಲ್ಲಿನ ಗೋಡೆ ಕಣ್ಣ ತುಂಬ ಬೆಳೆಯಿತು. ಬೀರಪ್ಪನ ಕಾಲುಗಳೆರಡೂ ಒಟ್ಟಿಗೆ ಇಳಿದವು. ಮಾರುತಿ ಕೀರಲು ದನಿ ತೆಗೆದು, ಹುಲ್ಲಿನ ಎಳೆ ಗಾಜಿಗೆ ತಾಗುವಷ್ಟು ಹತ್ತಿರ ನಿಂತಿತು.

“ಚ… ಚಲೋ ಬ್ರೇಕ್ ಹಾಕಿದ್ರಿ ಟೀಚರ್.”

ಟೀಚರ್ ಸೀರೆಯ ನೆರಿಗೆ ಸರಿಸಿ ಕೆಳಗೆ ನೋಡಿದರು. ಅವರ ಬ್ರೇಕು ಪೂರ್ತಿ ಒಳಗೆ ಹೋಗಿ ಕೂತಿತ್ತು. ಅದರ ಮೇಲೆ ಅವರ ಕಾಲಿರಲಿಲ್ಲ.

“ಬೀರಾ.”

ಆ ದನಿ ಕೇಳಿದ್ದೇ ಬೀರಪ್ಪನ ಕೈ ತಾನಾಗಿ ತನ್ನ ಕಿವಿ ಹಿಡಿಯಲು ಹೋಯಿತು. ಮೊಮ್ಮಕ್ಕಳನ್ನು ಕಂಡವನ ಕೈ!

“ಯಾರ ಕಾಲೋ ಅದು?”

“ನಿಮ್ದೇ ಟೀಚರ್.”

“ನಂದು ಎರಡೂ ಇಲ್ಲೇ ಅದಾವೆ. ದೇವ್ರು ಮೂರನೇದು ಕೊಟ್ಟಿಲ್ಲ. ಯಾವತ್ತಿಂದ ನಡೀತೈತೆ ಇದು?”

“ಮೊದ್ಲಿಂದಾನೂ…”

ಟ್ರ್ಯಾಕ್ಟರ್ ಹೊರಟುಹೋಯಿತು. ಟೀಚರ್ ಗಾಡಿಯನ್ನು ಹೆಂಗೋ ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದರು. ಬೀರಪ್ಪನ ಎದೆ ಭಟ್ಟಿಯೊಳಗಿನ ಮಂಡಕ್ಕಿಯಂತೆ ಸಿಡಿಯುತ್ತಿತ್ತು.

“ನಾಕನೇ ಕ್ಲಾಸಿನಾಗೆ ನಿಂಗೆ ಒಂದು ಸಾಲು ಓದಾಕೆ ಬರ್ತಿರ್ಲಿಲ್ಲ. ಹೆಡ್‌ಮಾಸ್ಟ್ರು ಏನಂದ್ರು? ಪಾಪ ಕುರಿ ಕಾಯೋ ಹುಡುಗ, ಪಾಸ್ ಮಾಡ್ಬಿಡ್ರಿ ಅಂದ್ರು. ನಾನು ಮಾಡಿದ್ನೇನು?”

“ಇಲ್ಲ ಟೀಚರ್. ಫೇಲ್ ಮಾಡಿದ್ರಿ.”

“ನಿಮ್ಮವ್ವ ಶಾಲೆಗೆ ಬಂದು ಏನಂತ ಶಾಪ ಹಾಕಿದ್ಲು?”

“ನಿಮ್ಮ ಎಮ್ಮೆ ಬತ್ತಿಹೋಗ್ಲಿ ಅಂತ.”

“ನನ್ನ ಹತ್ರ ಎಮ್ಮೆನೇ ಇರ್ಲಿಲ್ಲ, ಬಚಾವಾದೆ.” ಟೀಚರ್ ನಗಲಿಲ್ಲ. “ಇನ್ನೊಂದು ವರ್ಷ ಕುಂದ್ರಿಸಿ ಕಲಿಸಿದೆ. ಕಲಿತೀಯ ಅಂತ ನಂಬಿಕೆ ಇತ್ತು, ಅದಕ್ಕೆ ಫೇಲ್ ಮಾಡಿದೆ. ನನ್ನ ಮ್ಯಾಲೆ ನಿಂಗೆ ಅಷ್ಟೂ ನಂಬಿಕೆ ಇಲ್ಲೇನೋ? ಪಾಪ ಮುದುಕಿ, ಪಾಸ್ ಮಾಡ್ಬಿಡಾಣ ಅಂದ್ಯಾ?”

ಊರವರಿಗೆಲ್ಲ ಬೈಗುಳ ಹಂಚಿದವನಿಗೆ ಇಷ್ಟು ಮೆತ್ತಗಿನ ಮಾತು ತಡೆಯಲಾಗಲಿಲ್ಲ. ತಲೆ ತಗ್ಗಿಸಿದ.

“ಹಿಂದಿನ ಸೀಟಿಗೆ ಹೋಗು.”

“ಟೀಚರ್! ಹಿಂದೆ ಬ್ರೇಕ್ ಇಲ್ರಿ!”

“ಅದಕ್ಕೇ ಹೋಗು ಅಂದಿದ್ದು.”

“ರೂಲ್ಸ್ ಇಲ್ಲ ಟೀಚರ್, ಪೊಲೀಸ್ರು…”

“ಎದ್ದು ಹೋಗ್ತೀಯೋ, ಬೆಂಚಿನ ಮ್ಯಾಲೆ ನಿಲ್ಲಿಸ್ಲೋ?”

ಬೀರಪ್ಪ ಹಿಂದೆ ಹೋಗಿ ಕೂತ. ಮಾರುತಿ ಕಪ್ಪೆಯಂತೆ ಕುಪ್ಪಳಿಸಿ ಆಫ್ ಆಯಿತು. ಮತ್ತೆ ಹೊತ್ತಿತು, ಮತ್ತೆ ಆಫ್. ಹಿಂದಿನಿಂದ ಲಾರಿಯ ಹಾರ್ನು ಕಿವಿ ಸೀಳಿತು. “ಕ್ಲಚ್ಚು ಸ್ವಲ್ಪ ನಿಧಾನಕ್ಕೆ ಬಿಡ್ತೀರಾ ಟೀಚರ್, ತಮಗೆ ತ್ರಾಸಾಗಲ್ಲ ಅಂದ್ರೆ…” ಎಂದು ಇವನು ಮದುವೆ ಮನೆಯಲ್ಲಿ ಬೀಗರಿಗೆ ಹೋಳಿಗೆ ಬಡಿಸುವವನಂತೆ ಕೇಳಿಕೊಂಡ. ಗಾಡಿ ಅಡ್ಡಾದಿಡ್ಡಿ ಹೊರಟಿತು. ಎದುರಿಗೆ ಬಂದ ಬಸ್ಸು ಕೂದಲೆಳೆಯಲ್ಲಿ ತಪ್ಪಿಹೋಯಿತು. ಬೀರಪ್ಪ ಮನೆದೇವರನ್ನು ಕರೆದ, ಸಾಲದೆ ನೆಂಟರ ಮನೆದೇವರುಗಳನ್ನೂ ಕರೆದ.

ಹರಿಹರ ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಬಲಗಡೆಯ ಹೊಲದಿಂದ ಕುರಿಹಿಂಡು ರಸ್ತೆಗೆ ಇಳಿಯಿತು. ನಾಕೈದಲ್ಲ, ಕೊಡದಿಂದ ನೀರು ಸುರಿದಂತೆ ಇಡೀ ಹಿಂಡು. ಟೀಚರ್ ಕೈ ಸ್ಟೇರಿಂಗಿಗೆ ಕಚ್ಚಿಕೊಂಡಿತು. ಗಾಡಿಯ ವೇಗ ಇಳಿಯುವ ಬದಲು ಏರಿತು. ಬೀರಪ್ಪನ ಕಾಲು ಬ್ರೇಕು ಹುಡುಕಿ ಬರೀ ನೆಲ ಒತ್ತಿತು. ಅಲ್ಲಿ ಬಿದ್ದ ಗುಳಿ ಇವತ್ತಿಗೂ ಹೋಗಿಲ್ಲ ಅನ್ನುತ್ತಾರೆ. ಕಾಲಿಗೆ ದಾರಿ ಕಾಣದೆ ಹೋದಾಗ ಅಷ್ಟು ದಿನದಿಂದ ಹೊಲಿದಿದ್ದ ಬಾಯಿ ಹರಿಯಿತು.

“ಏಯ್! ಯಾರ್ರೀ ನಿಮ್ಗೆ ಗಾಡಿ ಕೊಟ್ಟೋರು! ಕಣ್ಣೇನು ಸಂತೆಯಾಗೆ ಮಾರ್ಕೊಂಡ್ರಾ? ಆ ಕಾಲು ತೆಗೀರಿ! ಬ್ರೇಕ್! ಪಕ್ಕದ್ದು ಬ್ರೇಕ್ರೀ! ಕ್ಲಚ್ ತುಳೀರಿ! ತುಳೀರಿ ಅಂದ್ರೆ!”

ಟೀಚರ್ ತುಳಿದರು. ಎರಡೂ ಕಾಲಿನಿಂದ, ಸರಿಯಾದ ಎರಡರ ಮೇಲೂ. ಗಾಡಿ ನಿಂತಿತು. ಧೂಳು ಇಳಿದಾಗ ಒಂದು ಟಗರು ಬಂಪರಿಗೆ ಮೂತಿ ಹಚ್ಚಿ, ಏನು ಸಮಾಚಾರ ಎಂಬಂತೆ ನೋಡುತ್ತಿತ್ತು.

ಕುರಿಗಾಹಿ ಕೆಂಚಣ್ಣ ಕೋಲು ಎತ್ತಿಕೊಂಡೇ ಓಡಿಬಂದ. “ಯಾವನವ್ವಾ ನಿಂಗೆ ಕಲಿಸಿದ ಮೇಷ್ಟ್ರು? ಕರೀ ಅವನ್ನ! ಎಲ್ಲಿ ಆ ಮೇಷ್ಟ್ರು?”

ಟೀಚರ್ ತಿರುಗಿ ನೋಡದೆ ಗದ್ದವನ್ನು ಹಿಂದಕ್ಕೆ ಆಡಿಸಿದರು. “ಅಲ್ಲೇ ಕುಂತಾರೆ ನೋಡಪ್ಪ ನಮ್ಮ ಮೇಷ್ಟ್ರು.”

ಕೆಂಚಣ್ಣ ಬಗ್ಗಿ ಒಳಗೆ ನೋಡಿದ. “ಕಲಿಸೋನು ಸಾವ್ಕಾರನಂಗೆ ಹಿಂದೆ ಕುಂತ್ರೆ ನನ್ನ ಕುರಿ ಗತಿ ಏನ್ ಮೇಷ್ಟ್ರೇ? ನಾಚಿಕೆ ಆಗಲ್ವಾ ಮೇಷ್ಟ್ರೇ?”

ಬೀರಪ್ಪನ ಜೀವಮಾನದಲ್ಲಿ ಅವನಿಗೆ ಯಾರೂ ತಿರುಗಿ ಬೈದು ಉಳಿದದ್ದಿಲ್ಲ. ಅವತ್ತು ಅವನು ಕೈ ಮುಗಿದು, “ಇನ್ನೊಂದ್ಸಲ ಬೈಯಣ್ಣ” ಅಂದ. ಕೆಂಚಣ್ಣ ಎಲ್ಲೋ ಬಿಸಿಲು ತಲೆಗೇರಿದೆ ಎಂದುಕೊಂಡು ಕುರಿ ಹೊಡೆದುಕೊಂಡು ಹೋದ.

ಮಾರನೆಯ ದಿನದ ಪರೀಕ್ಷೆಯನ್ನು ಇಲ್ಲೇ ಹೇಳಿ ಮುಗಿಸುವುದು ವಾಸಿ: ಪಾಸು. ಇನ್‌ಸ್ಪೆಕ್ಟರ್ ಕಾಲು ಮಡಚಿಕೊಂಡೇ ಕೂತಿದ್ದರಂತೆ.

ಆದರೆ ಭಾನುವಾರ ಇನ್ನೂ ಮುಗಿದಿರಲಿಲ್ಲ. ಅಲ್ಲಿಂದ ಹರಿಹರದವರೆಗೆ ಹಿಂದಿನ ಸೀಟು ಬಾಯಿ ಮುಚ್ಚಲಿಲ್ಲ. “ಮಿರರ್ ಇರೋದು ಕುಂಕುಮ ನೋಡ್ಕಳಾಕಲ್ರೀ! ಗೇರ್ ಇಳಿಸ್ರಿ!” ಟೀಚರ್ ಹ್ಞೂಂ ಹ್ಞೂಂ ಎನ್ನುತ್ತ, ಬೆವರು ಒರೆಸಿಕೊಳ್ಳದೆ, ಹೊಳೆಯ ಕಡೆ ಇಳಿಯುವ ಬೀದಿಯಲ್ಲಿ ಉಜ್ಜನಪ್ಪನವರ ಬಾಗಿಲಿಗೆ ಗಾಡಿ ತಂದು ನಿಲ್ಲಿಸಿದರು.

ಉಜ್ಜನಪ್ಪನವರು ಮೀಸೆ ಸಮೇತ ಹೊರಗೆ ಬಂದರು. ಮುಂದೆ ಸರ್ವಮಂಗಳಮ್ಮ, ಹಿಂದೆ ಕಾಲು ಚಾಚಿಕೊಂಡ ಬೀರ.

“ಏನ್ಲೇ ಬೀರಾ! ಅಕ್ಷರ ಕಲಿಸಿದೋರ್ನ ಡ್ರೈವರ್ ಮಾಡ್ಕೊಂಡು ಬಂದೀಯಾ? ಇದೇನ್ಲೇ ನಾವು ಕಲಿಸಿದ್ದು?”

“ಸುಮ್ನಿರ್ರಿ ಸಾರ್,” ಟೀಚರ್ ಗಾಬರಿಯಿಂದ ಅಂದರು, “ಅವ್ರು ಬೈತಾರೆ.”

ಗಾಡಿ ಇಳಿಜಾರಿನಲ್ಲಿ ಮೆಲ್ಲಗೆ ಮುಂದಕ್ಕೆ ಉರುಳಿತು.

“ಹ್ಯಾಂಡ್ ಬ್ರೇಕ್ ಯಾರ್ರೀ ಹಾಕೋರು? ನಿಮ್ಮ ಹೆಡ್‌ಮಾಸ್ಟ್ರಾ?”

ಉಜ್ಜನಪ್ಪನವರ ಕೈ ಮೀಸೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಟೀಚರ್ ಹ್ಯಾಂಡ್ ಬ್ರೇಕನ್ನು ಕಟಕಟನೆ ಎಳೆದರು.

“ಹಾಕಿದೆ ಮೇಷ್ಟ್ರೇ,” ಅಂದರು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಸಾರ್, ಮನೆಯಾಗೆ ಕತ್ತರಿ ಐತಾ?”